ಗಾಯಗೊಂಡ ಯೋಧನ ಶುಶ್ರೂಷೆ
(ಪೆದ್ದಕಡುಬೂರಿನಲ್ಲಿ ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



 ಗಡಿನಾಡಿನ ಸಭೆಗಳಲ್ಲಿ ಕವಿಕಾವ್ಯಗಳ ವಿಚಾರ, ನಾಡುನುಡಿಗಳ ವಿಚಾರ ಪ್ರಸ್ತಾಪವಾಗುವುದು ವಾಡಿಕೆ. ಇಂದು ನಾನು ಆರಿಸಿಕೊಂಡಿರುವ ವಿಷಯ ಅದಕ್ಕಿಂತ ಬೇರೆಯಾದುದು. ಯುದ್ಧದಲ್ಲಿ ಗಾಯಗೊಂಡ ಯೋಧನಿಗೆ ದೊರೆಯುವ ಶಸ್ತ್ರಚಿಕಿತ್ಸೆ ಮತ್ತು ಶುಶ್ರೂಷೆಯನ್ನು ಕುರಿತು ಮಾತನಾಡಬೇಕೆಂದಿದ್ದೇನೆ. ರಣರಂಗದಲ್ಲಿ ಕೊಲ್ಲುವ ಕೈಗಳ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಬದುಕಿಸುವ ಕೈಗಳ ಚರಿತ್ರೆ ನಮ್ಮ ಜನರ ಕಿವಿಗೆ ಅಷ್ಟಾಗಿ ಬಿದ್ದಿಲ್ಲ. ಈ ವಿಷಯ ದಂಡಿಗೆ ಸೇರಿದವರಿಗೆ ಮಾತ್ರ ಸಂಬಂಧಿಸಿದ್ದೆಂದು ತಾವು ಭಾವಿಸಬಾರದು. ನಮ್ಮ ಹೊಲದಲ್ಲಿ, ರಸ್ತೆಯಲ್ಲಿ, ಮನೆಯಂಗಳದಲ್ಲಿ ರಕ್ತ ಹರಿದಾಗ ಏನು ಮಾಡಬೇಕೆಂಬುದನ್ನೂ ಅದು ಕಲಿಸುತ್ತದೆ.

ಆದೋನಿ ಸೀಮೆಯವರಾದ ನಮಗೆ ದಂಡಿನ ಸಂಗತಿ ಹೊಸದಲ್ಲ. 1786ರಲ್ಲಿ ಟಿಪ್ಪು ಸುಲ್ತಾನನು ಆದೋನಿಯ ಕೋಟೆಗೆ ಮುತ್ತಿಗೆ ಹಾಕಿ ಅದನ್ನು ಹಿಡಿದುಕೊಂಡನು. 1800ರಲ್ಲಿ ಹೈದರಾಬಾದಿನ ನಿಜಾಮನು ಈ ಪ್ರಾಂತವನ್ನೆಲ್ಲ ಇಂಗ್ಲಿಷ್ ಕುಂಪಣಿಗೆ ಬಿಟ್ಟುಕೊಟ್ಟನು. ಅದಕ್ಕೆ ದತ್ತಮಂಡಲವೆಂಬ ಹೆಸರು ಬಂದಿತು. ಕೋಟೆಗಳು ಬಿದ್ದುದೂ ಕೈಬದಲಾದುದೂ ಪುಸ್ತಕಗಳಲ್ಲಿ ದೊರೆಯುತ್ತವೆ. ಆದರೆ ಆ ಕೋಟೆಯ ಬುಡದಲ್ಲಿ ಕೈಕಾಲು ಕಳೆದುಕೊಂಡು ನರಳುತ್ತ ಬಿದ್ದಿದ್ದವರನ್ನು ಯಾರು ಎತ್ತಿದರು? ಯಾರು ಅವರ ಬಾಯಿಗೆ ನೀರು ಬಿಟ್ಟರು? ಈ ಪ್ರಶ್ನೆಯನ್ನು ಕೇಳುವವರು ವಿರಳ.

ಆ ಕಾಲದ ಗಾಯಾಳುಗಳಲ್ಲಿ ಒಬ್ಬನ ವೃತ್ತಾಂತ ಮಾತ್ರ ಲೋಕಪ್ರಸಿದ್ಧವಾಗಿ ಉಳಿದಿದೆ. ಅವನ ಹೆಸರು ಕಾವಸ್ಜಿ. ಅವನು ಬಂದೂಕು ಹಿಡಿದ ಸಿಪಾಯಿಯಲ್ಲ, ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಮರಾಠ ಬೇಸಾಯಗಾರ. ಅಂದಿನ ದಂಡಿನ ಫಿರಂಗಿ, ಮದ್ದುಗುಂಡು, ಅಕ್ಕಿಬೇಳೆಗಳು ಎತ್ತುಗಳ ಬಲದಿಂದಲೇ ಸಾಗುತ್ತಿದ್ದವು. ಎತ್ತಿನವನಿಲ್ಲದೆ ದಂಡು ಒಂದು ಹರದಾರಿಯೂ ಮುಂದೆ ಹೋಗುವಂತಿರಲಿಲ್ಲ. 1792ರ ಮೈಸೂರು ಯುದ್ಧದಲ್ಲಿ ಕಾವಸ್ಜಿಯು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕನು. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಅದೇ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಬಳಿಯಿದ್ದ ಮುಂಬಯಿ ದಂಡನ್ನು ಬಂದು ಸೇರಿದನು. ಕುಂಪಣಿಯಿಂದ ಅವನಿಗೆ ಪಿಂಚಣಿ ದೊರೆಯಿತು. ಪಿಂಚಣಿಯಿಂದ ಹೊಟ್ಟೆ ತುಂಬೀತು. ಆದರೆ ಮೂಗು ಹೋದರೆ ಮಾನ ಹೋಯಿತೆಂದು ಭಾವಿಸುವ ಸಮಾಜದಲ್ಲಿ ಅವನು ನಾಲ್ವರ ನಡುವೆ ತಲೆಯೆತ್ತಿ ಬಾಳುವುದು ಹೇಗೆ?

ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಹಾಗೆಯೇ ಇದ್ದನು. ಅನಂತರ ಪುಣೆಯ ಸಮೀಪದಲ್ಲಿ, ಇಟ್ಟಿಗೆ ಸುಡುವ ಕುಲಕ್ಕೆ ಸೇರಿದ ಒಬ್ಬ ಚಿಕಿತ್ಸಕನು ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು. ಆ ಕ್ರಮ ಹೀಗಿತ್ತು. ಮೊದಲು ತೆಳುವಾದ ಮೇಣದ ಹಾಳೆಯನ್ನು ಮೂಗಿನ ಮೊಂಡಿಯ ಮೇಲಿಟ್ಟು ಮೂಗಿನ ಆಕಾರಕ್ಕೆ ತಂದನು. ಆಮೇಲೆ ಆ ಮೇಣವನ್ನು ಬಿಡಿಸಿ ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ, ಅದರ ಅಂಚಿನ ಸುತ್ತ ಗೆರೆ ಎಳೆದನು. ಗೆರೆಯ ಒಳಗಿನ ಚರ್ಮವನ್ನು ಬಿಡಿಸಿ, ಎರಡು ಕಣ್ಣುಗಳ ನಡುವೆ ಒಂದು ಸಣ್ಣ ತೊಟ್ಟನ್ನು ಮಾತ್ರ ಕತ್ತರಿಸದೆ ಉಳಿಸಿದನು. ಆ ತೊಟ್ಟಿನ ಮೂಲಕ ರಕ್ತ ಹರಿಯುತ್ತಿದ್ದುದರಿಂದ ಬಿಡಿಸಿದ ಚರ್ಮ ಸಾಯಲಿಲ್ಲ. ಮೂಗಿನ ಮೊಂಡಿಯ ಸುತ್ತ ಹಳೆಯ ಕಲೆಯನ್ನು ಕೆತ್ತಿ ಹಸಿಗಾಯ ಮಾಡಿ, ಹಣೆಯ ಚರ್ಮವನ್ನು ತಿರುಚಿ ಕೆಳಕ್ಕೆ ತಂದು, ಅಲ್ಲಿ ಮಾಡಿದ ಸೀಳಿನೊಳಗೆ ಅದರ ಅಂಚನ್ನು ಸೇರಿಸಿದನು. ಕಾಚನ್ನು ನೀರಿನಲ್ಲಿ ಮೆದುಮಾಡಿ ಬಟ್ಟೆಯ ಪಟ್ಟಿಗಳಿಗೆ ಸವರಿ, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿದನು. ನಾಲ್ಕು ದಿನಗಳ ಬಳಿಕ ಅದನ್ನು ತೆಗೆದು ತುಪ್ಪದ ಪಟ್ಟಿ ಹಾಕಿದನು. ಸುಮಾರು 25ನೆಯ ದಿನ ಕಣ್ಣುಗಳ ನಡುವಣ ತೊಟ್ಟನ್ನು ಕತ್ತರಿಸಿದನು. ಅಷ್ಟರಲ್ಲಿ ಹೊಸ ಮೂಗು ಮುಖದ ರಕ್ತವನ್ನೇ ಹೀರಿಕೊಂಡು ಬದುಕತೊಡಗಿತ್ತು.

ಮುಂಬಯಿಯ ಇಬ್ಬರು ಇಂಗ್ಲಿಷ್ ವೈದ್ಯರು ಈ ಚಿಕಿತ್ಸೆಯನ್ನು ಕಣ್ಣಾರೆ ಕಂಡರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಅದರ ವಿವರ ಪ್ರಕಟವಾಯಿತು. ಅಲ್ಲಿಯ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಈ ಕ್ರಮವನ್ನು ಅಭ್ಯಾಸ ಮಾಡಿ, 1814ರಿಂದ ಮುಂದೆ ಇಬ್ಬರು ಸೇನಾಧಿಕಾರಿಗಳಿಗೆ ಹೊಸ ಮೂಗನ್ನು ರಚಿಸಿ, 1816ರಲ್ಲಿ ಅದನ್ನು ಕುರಿತು ಗ್ರಂಥ ಬರೆದನು. ನೂರು ವರ್ಷಗಳ ತರುವಾಯ, ಮೊದಲನೆಯ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸಾವಿರಾರು ಸೈನಿಕರಿಗೆ ಹೆರಾಲ್ಡ್ ಗಿಲ್ಲೀಸ್ ಎಂಬ ವೈದ್ಯನು ಇಂಗ್ಲೆಂಡಿನಲ್ಲಿ ಮುಖವನ್ನು ಮರಳಿಕೊಟ್ಟಾಗಲೂ ತೊಟ್ಟು ಉಳಿಸಿ ಚರ್ಮವನ್ನು ತಿರುಗಿಸುವ ತತ್ತ್ವವೇ ಅದರ ತಳಹದಿಯಾಗಿತ್ತು. ಸುಶ್ರುತ ಸಂಹಿತೆಯಲ್ಲಿ ಎಲೆಯ ಅಳತೆ ಹಿಡಿದು ಕೆನ್ನೆಯ ಚರ್ಮದಿಂದ ಮೂಗನ್ನು ರಚಿಸುವ ವಿಧಾನ ಉಕ್ತವಾಗಿದೆಯೆಂಬುದು ಪಂಡಿತರಿಗೆ ತಿಳಿದ ವಿಷಯ. ಆ ವಿದ್ಯೆಯನ್ನು ಕೈಯಿಂದ ಕೈಗೆ ದಾಟಿಸಿ ಕಾಪಾಡಿಕೊಂಡು ಬಂದವರು ಇಂಥ ಶ್ರಮಜೀವಿಗಳು. ಎತ್ತಿನವನ ಹೆಸರು ಉಳಿಯಿತು. ಅವನಿಗೆ ಮೂಗು ಕೊಟ್ಟವನ ಹೆಸರನ್ನು ಆ ಪತ್ರಿಕೆ ಬರೆಯಲಿಲ್ಲ.

ಮಹನೀಯರೇ, ಈ ವೃತ್ತಾಂತದಿಂದ ನಾನು ಗ್ರಹಿಸಿರುವುದು ಒಂದೇ ಮಾತು. ಗಾಯಾಳುವನ್ನು ಉಳಿಸುವುದು ಒಬ್ಬ ಮಹಾವೈದ್ಯನ ಕೆಲಸವಲ್ಲ. ಎತ್ತುವವರು, ಹೊರುವವರು, ಕೊಯ್ದು ಕೂಡಿಸುವವರು, ರೋಗ ಬಾರದಂತೆ ಕಾಯುವವರು, ಮತ್ತೆ ಬದುಕಿಗೆ ಹಚ್ಚುವವರು, ಇವರೆಲ್ಲ ಸೇರಿದ ಒಂದು ಸರಪಳಿ ಅದು. ಒಂದು ಕೊಂಡಿ ಕಳಚಿದರೆ ಉಳಿದ ಕೊಂಡಿಗಳು ಎಷ್ಟೇ ಬಲವಾಗಿದ್ದರೂ ಪ್ರಯೋಜನವಿಲ್ಲ.

ಮೊದಲು ಹೊರುವವರ ವಿಷಯ. ಹಿಂದಿನ ಯುದ್ಧಗಳಲ್ಲಿ ಕಾಳಗ ಮುಗಿಯುವ ತನಕ ಗಾಯಾಳುಗಳು ಬಿದ್ದಲ್ಲಿಯೇ ಬಿದ್ದಿರುತ್ತಿದ್ದರು. 1790ರ ದಶಕದಲ್ಲಿ ಫ್ರೆಂಚ್ ಸೈನ್ಯದ ವೈದ್ಯ ಲಾರೆ ಎಂಬುವನು ಹಗುರವಾದ ಕುದುರೆಗಾಡಿಗಳನ್ನು ಮಾಡಿಸಿ, ಕಾಳಗ ನಡೆಯುತ್ತಿರುವಾಗಲೇ ಗಾಯಾಳುಗಳನ್ನು ಹೊರತರುವ ಏರ್ಪಾಡು ಮಾಡಿದನು. ಪದವಿಯನ್ನು ನೋಡದೆ, ಗಾಯದ ತೀವ್ರತೆಯನ್ನು ನೋಡಿ ಚಿಕಿತ್ಸೆ ಮಾಡಬೇಕೆಂಬ ನಿಯಮವನ್ನೂ ಆಚರಣೆಗೆ ತಂದನು. ಸೇನಾಪತಿಗಿಂತ ಮೊದಲು ಸಿಪಾಯಿಗೆ ಕಟ್ಟು ಕಟ್ಟುವುದೆಂದರೆ ಆ ಕಾಲಕ್ಕೆ ಅದು ಸಾಮಾನ್ಯ ಸಂಗತಿಯಲ್ಲ.

ಭಾರತೀಯರು ಈ ಹೊರುವ ಸೇವೆಯಲ್ಲಿ ಹಿಂದೆ ಬಿದ್ದವರಲ್ಲ. 1899ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ ಆರಂಭವಾದಾಗ ಗಾಂಧೀಜಿಯವರು ಸುಮಾರು 1,100 ಮಂದಿ ಭಾರತೀಯರ ಶುಶ್ರೂಷಾ ದಳವೊಂದನ್ನು ಕಟ್ಟಿದರು. ಅವರಲ್ಲಿ ಹೆಚ್ಚಿನವರು ಕಬ್ಬಿನ ತೋಟ ಮೊದಲಾದೆಡೆ ಕರಾರಿನ ಮೇಲೆ ದುಡಿಯಲು ಹೋಗಿದ್ದ ಬಡ ಕೂಲಿಗಳು. ಡೋಲಿಯಲ್ಲಿ ಗಾಯಾಳುಗಳನ್ನು ಮಲಗಿಸಿಕೊಂಡು ಅವರು ಕೆಲವು ದಿನ 20ರಿಂದ 25 ಮೈಲಿ ನಡೆದುದುಂಟು. ಕತ್ತಿ ಹಿಡಿಯದ ಆ ಕೂಲಿಗಳ ಹೆಗಲು ಎಷ್ಟೋ ತಾಯಂದಿರ ಮಕ್ಕಳನ್ನು ಉಳಿಸಿತು.

ಇನ್ನು ಕಾಯುವವರ ವಿಷಯ. ಯುದ್ಧದಲ್ಲಿ ಸೈನಿಕನನ್ನು ಕೊಲ್ಲುವುದು ಶತ್ರುವಿನ ಗುಂಡೊಂದೇ ಎಂದು ನಾವು ಭಾವಿಸುತ್ತೇವೆ. ಸತ್ಯ ಹಾಗಿಲ್ಲ. ಇದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ನೆರೆಯ ಪತ್ತಿಕೊಂಡಕ್ಕೆ ಹೋದರೆ ಸಾಕು. ದತ್ತಮಂಡಲದ ಮುಖ್ಯ ಕಲೆಕ್ಟರನಾಗಿದ್ದು, ಮುಂದೆ ಮದರಾಸಿನ ಗವರ್ನರನಾದ ಸರ್ ಥಾಮಸ್ ಮನ್ರೋ 1780ರಲ್ಲಿ ಸೈನಿಕನಾಗಿ ಈ ದೇಶಕ್ಕೆ ಬಂದವನು. ಹೈದರನ ಯುದ್ಧವನ್ನೂ ಟಿಪ್ಪುವಿನ ಯುದ್ಧವನ್ನೂ ಕಂಡು ಬದುಕಿ ಉಳಿದನು. ಕೊನೆಗೆ 1827ರ ಜುಲೈ 6ರಂದು, ಸ್ವದೇಶಕ್ಕೆ ಹೊರಡುವ ಮುನ್ನ ಈ ಸೀಮೆಯನ್ನು ನೋಡಿಹೋಗಲು ಬಂದಾಗ, ಪತ್ತಿಕೊಂಡದಲ್ಲಿ ವಾಂತಿಭೇದಿಗೆ ತುತ್ತಾದನು. ರಣರಂಗದಲ್ಲಿ ಸಾಯದವನನ್ನು ಕಾಲರಾ ಒಂದೇ ದಿನದಲ್ಲಿ ಕೊಂಡೊಯ್ದಿತು.

ಒಬ್ಬ ಗವರ್ನರನ ಗತಿ ಇದಾದರೆ ಸಾಮಾನ್ಯ ಸಿಪಾಯಿಯ ಗತಿಯೇನು? 1863ರಲ್ಲಿ ಹೊರಬಂದ ರಾಜಾಯೋಗದ ವರದಿಯಂತೆ, ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಬಹುಪಾಲು ಸಾವುಗಳಿಗೆ ಜ್ವರ, ಅತಿಸಾರ, ಕಾಲರಾಗಳೇ ಕಾರಣ. ಈ ಆಯೋಗದ ಹಿಂದೆ ನಿಂತು ಲೆಕ್ಕಪತ್ರಗಳನ್ನೆಲ್ಲ ಪರಿಶೀಲಿಸಿದವರು ಫ್ಲಾರೆನ್ಸ್ ನೈಟಿಂಗೇಲ್. ಆ ಮಹಾತಾಯಿ ಭಾರತಕ್ಕೆ ಎಂದೂ ಬಂದವರಲ್ಲ. ದಂಡಿನ ಠಾಣ್ಯಗಳಿಂದ ತರಿಸಿದ ವರದಿಗಳನ್ನೇ ಓದಿ, ಕುಡಿಯುವ ನೀರು, ಚರಂಡಿ, ಗಾಳಿಯಾಡುವ ವಸತಿ ಇವು ಸರಿಯಾಗದ ಹೊರತು ಸೈನಿಕನು ಬದುಕಲಾರನೆಂದು ವಾದಿಸಿದರು. ದಂಡಿನ ವೈದ್ಯನಾಗಿ ಬೆಂಗಳೂರಿನಲ್ಲಿ ಸೇವೆ ಸಲ್ಲಿಸಿದ್ದ ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಾಣುವನ್ನು ಕಂಡನು. ಸೈನಿಕರಿಗಾಗಿ ನಡೆದ ಈ ಶೋಧನೆಯ ಫಲವನ್ನು ಇಂದು ನಮ್ಮ ಮಕ್ಕಳೂ ಉಣ್ಣುತ್ತಿದ್ದಾರೆ.

ಸರಪಳಿಯ ಎಲ್ಲ ಕೊಂಡಿಗಳನ್ನೂ ತನ್ನೊಬ್ಬನ ಬಾಳಿನಲ್ಲಿ ಹಿಡಿದು ನಿಂತ ಮಹಾನುಭಾವರೊಬ್ಬರನ್ನು ಈಗ ನೆನೆಯಬೇಕು. ಆದೋನಿಯಿಂದ ಮುಂಬಯಿಗೆ ಹೋಗುವ ರೈಲು ರಾಯಚೂರು, ವಾಡಿಗಳನ್ನು ದಾಟಿ ಸೊಲ್ಲಾಪುರಕ್ಕೆ ಸೇರುತ್ತದೆ. ನಮ್ಮಂತೆಯೇ ಗಡಿಯಲ್ಲಿರುವ, ಮರಾಠಿ, ಕನ್ನಡ, ತೆಲುಗು ಮೂರೂ ಕೇಳಿಬರುವ ಗಿರಣಿಗಳ ಊರು ಅದು. ಅಲ್ಲಿ 1910ರ ಅಕ್ಟೋಬರ್ 10ರಂದು ದ್ವಾರಕಾನಾಥ ಕೋಟ್ನಿಸ್ ಜನಿಸಿದರು. ಮುಂಬಯಿಯಲ್ಲಿ ವೈದ್ಯ ವಿದ್ಯೆಯನ್ನು ಕಲಿತರು. ಆಗ ಚೀನದ ಮೇಲೆ ಜಪಾನು ದಂಡೆತ್ತಿ ಬಂದಿತ್ತು. ಚೀನದ ಸೇನಾಪತಿ ಝೂ ದ ಅವರು ಪಂಡಿತ ನೆಹರೂ ಅವರಿಗೆ ಪತ್ರ ಬರೆದು ವೈದ್ಯರನ್ನು ಕಳುಹಿಸಬೇಕೆಂದು ಬೇಡಿದರು. 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಹಣ ಕೂಡಿಸಿದರು. ಅಟಲ್, ಚೋಳ್ಕರ್, ಬಸು, ಮುಖರ್ಜಿ ಮತ್ತು ಕೋಟ್ನಿಸ್ ಎಂಬ ಐವರು ವೈದ್ಯರು ಆ ವರ್ಷದ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿದರು. ನಮ್ಮ ದೇಶ ತಾನೇ ಪರಾಧೀನವಾಗಿದ್ದ ಕಾಲದಲ್ಲಿ ಇನ್ನೊಂದು ದೇಶದ ಗಾಯಾಳುಗಳಿಗಾಗಿ ಹೊರಟ ತಂಡ ಅದು.

1939ರ ಫೆಬ್ರವರಿಯಲ್ಲಿ ಅವರು ಯೆನಾನಿಗೆ ತಲುಪಿದರು. ಅಲ್ಲಿಂದ ಮುಂದೆ ಕೋಟ್ನಿಸರು ಉತ್ತರ ಚೀನದ ಬೆಟ್ಟಗಳ ನಡುವಣ ಯುದ್ಧ ಪ್ರದೇಶಕ್ಕೆ ಹೋದರು. ಔಷಧ ಸಾಲದು, ಉಪಕರಣ ಸಾಲದು, ಶತ್ರು ಸಮೀಪಿಸಿದರೆ ಆಸ್ಪತ್ರೆಯನ್ನೇ ಹೊತ್ತುಕೊಂಡು ಹೊರಡಬೇಕು. 1940ರ ಒಂದು ಕಾಳಗದಲ್ಲಿ ಅವರು 72 ಗಂಟೆಗಳ ಕಾಲ ನಿದ್ರೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರೆಂದೂ 800ಕ್ಕೂ ಹೆಚ್ಚು ಗಾಯಾಳುಗಳನ್ನು ಉಪಚರಿಸಿದರೆಂದೂ ಅವರ ಚರಿತ್ರೆಯಲ್ಲಿ ದಾಖಲಾಗಿದೆ. ಅದೇ ಪ್ರದೇಶದಲ್ಲಿ ಅವರಿಗಿಂತ ಮೊದಲು ದುಡಿದ ಕೆನಡ ದೇಶದ ವೈದ್ಯ ನಾರ್ಮನ್ ಬೆಥೂನ್, ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗೆ ಆದ ಗಾಯ ನಂಜಾಗಿ 1939ರ ನವೆಂಬರಿನಲ್ಲಿ ತೀರಿಕೊಂಡಿದ್ದರು. ಆ ಮಹನೀಯರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಕೋಟ್ನಿಸರೇ ನಿರ್ದೇಶಕರಾದರು. ತಂದೆ ತೀರಿಕೊಂಡ ಸುದ್ದಿ ಬಂದಾಗಲೂ ಅವರು ಕೈಹಿಡಿದ ಕಾರ್ಯವನ್ನು ಬಿಟ್ಟು ಊರಿಗೆ ಹಿಂದಿರುಗಲಿಲ್ಲ.

ಅವರು ಮಾಡಿದ ಇನ್ನೊಂದು ಕೆಲಸ ಈ ಸಭೆಗೆ ವಿಶೇಷವಾಗಿ ಸಲ್ಲುವಂಥದು. ಕೋಟ್ನಿಸರು ಚೀನೀ ಭಾಷೆಯನ್ನು ಕಲಿತರು. ದುಭಾಷಿಯ ಆಸರೆಯಿಲ್ಲದೆ ಗಾಯಾಳುಗಳೊಡನೆ ಮಾತನಾಡಿದರು. ಆ ಭಾಷೆಯಲ್ಲಿಯೇ ಯುವಕರಿಗೆ ವೈದ್ಯವನ್ನು ಕಲಿಸಿದರು. ಗ್ವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. 1942ರಲ್ಲಿ ಹುಟ್ಟಿದ ಮಗನಿಗೆ ಯಿನ್‌ಹುವಾ ಎಂದು ಹೆಸರಿಟ್ಟರು; ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನ. ಆ ಮಗು ನಾಲ್ಕು ತಿಂಗಳನ್ನೂ ತುಂಬುವ ಮೊದಲೇ, 1942ರ ಡಿಸೆಂಬರ್ 9ರಂದು, ಕೇವಲ 32 ವರ್ಷದ ಕೋಟ್ನಿಸರು ಅಪಸ್ಮಾರದ ಆಘಾತದಿಂದ ಕಣ್ಮುಚ್ಚಿದರು. ಮುಂದೆ 1962ರಲ್ಲಿ ಭಾರತಕ್ಕೂ ಚೀನಕ್ಕೂ ಯುದ್ಧವೇ ನಡೆಯಿತು. ಆದರೂ ಶಿಜಿಯಾಜುವಾಂಗ್ ನಗರದಲ್ಲಿರುವ ಅವರ ಸಮಾಧಿಗೆ ಸಲ್ಲುವ ಗೌರವ ಇಂದಿಗೂ ನಿಂತಿಲ್ಲ.

ಸ್ವತಂತ್ರ ಭಾರತವೂ ಈ ಪರಂಪರೆಯನ್ನು ಮುಂದುವರಿಸಿತು. 1950ರಲ್ಲಿ ಕೊರಿಯದ ಯುದ್ಧಕ್ಕೆ ಅನೇಕ ದೇಶಗಳು ಕಾದಾಡುವ ಪಡೆಗಳನ್ನು ಕಳುಹಿಸಿದವು; ಭಾರತವು ಕರ್ನಲ್ ರಂಗರಾಜ್ ಅವರ ನಾಯಕತ್ವದಲ್ಲಿ 60ನೆಯ ಪ್ಯಾರಾಚೂಟ್ ಶುಶ್ರೂಷಾ ದಳವನ್ನು ಕಳುಹಿಸಿತು. ಆ ವರ್ಷದ ಚಳಿಗಾಲದಲ್ಲಿ ಸೈನ್ಯ ಹಿಮ್ಮೆಟ್ಟುವಾಗ ದಳದವರಿಗೆ ವಾಹನವಿರಲಿಲ್ಲ. ಔಷಧೋಪಕರಣಗಳನ್ನು ಬಿಟ್ಟು ಬರಲು ಅವರ ಮನಸ್ಸು ಒಪ್ಪಲಿಲ್ಲ. ನಿಂತಿದ್ದ ಹಳೆಯ ಉಗಿಬಂಡಿಯೊಂದನ್ನು ಹುಡುಕಿ, ಕೈಯಿಂದ ನೀರು ತುಂಬಿ, ತಾವೇ ನಡೆಸಿಕೊಂಡು ಬಂದರು. ಉಪಕರಣವಿಲ್ಲದ ವೈದ್ಯನು ಗಾಯಾಳುವಿಗೆ ಯಾವ ಪ್ರಯೋಜನಕ್ಕೂ ಬಾರನೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ಸರಪಳಿಯ ಕೊನೆಯ ಕೊಂಡಿ, ಮತ್ತೆ ಬದುಕಿಗೆ ಹಚ್ಚುವುದು. ಕಾಲು ಕತ್ತರಿಸಿ ಪ್ರಾಣ ಉಳಿಸಿದ ಮಾತ್ರಕ್ಕೆ ವೈದ್ಯನ ಕೆಲಸ ಮುಗಿಯಿತೆಂದಲ್ಲ. ಅಂಗಹೀನರಾದ ಸೈನಿಕರಿಗೆ ಕಸುಬು ಕಲಿಸಲು 1917ರಲ್ಲಿಯೇ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಆರಂಭವಾಯಿತು. 1944ರಲ್ಲಿ ಪುಣೆಯಲ್ಲಿ ಕೃತಕ ಅಂಗಗಳ ಕೇಂದ್ರ ತೆರೆಯಿತು. ಬೆನ್ನುಹುರಿಗೆ ಪೆಟ್ಟಾಗಿ ಏಳಲಾರದಾದ ಸೈನಿಕರಿಗಾಗಿ 1974ರಲ್ಲಿ ಪುಣೆಯ ಖಡಕಿಯಲ್ಲಿ ಪುನರ್ವಸತಿ ಕೇಂದ್ರವಾಯಿತು. ಕಾವಸ್ಜಿಗೆ ಪಿಂಚಣಿಯ ಜೊತೆಗೆ ಮೂಗೂ ಬೇಕಾಗಿದ್ದಂತೆ, ಇವರಿಗೆ ಮಾತ್ರೆಯ ಜೊತೆಗೆ ಕಾಯಕವೂ ಮಾನವೂ ಬೇಕು.

ಇನ್ನು ಭಾಷೆಯ ವಿಚಾರ. 1914ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಬ್ರೈಟನ್ ನಗರದ ಅರಮನೆಯೊಂದನ್ನು ಭಾರತೀಯ ಗಾಯಾಳು ಸೈನಿಕರ ಆಸ್ಪತ್ರೆಯನ್ನಾಗಿ ಮಾರ್ಪಡಿಸಿದಾಗ, ಅಲ್ಲಿಯ ಫಲಕಗಳನ್ನು ಉರ್ದು, ಹಿಂದಿ, ಗುರುಮುಖಿ ಲಿಪಿಗಳಲ್ಲಿ ಬರೆಸಿದ್ದರು. ನೋವಿನಲ್ಲಿರುವವನು ತನ್ನ ಭಾಷೆಯನ್ನು ಕಾಣಬೇಕು, ಕೇಳಬೇಕು ಎಂಬುದು ಆಳುವ ಪರಕೀಯರಿಗೂ ಅರ್ಥವಾಗಿತ್ತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದ ತರುವಾಯ, ನಾವು ಎರಡು ಭಾಷೆಗಳ ನಡುವೆ ಬಾಳುತ್ತಿದ್ದೇವೆ. ಅದು ಜಗಳದ ಕಾರಣವಾಗಬೇಕಾಗಿಲ್ಲ, ನಮ್ಮ ಸಂಪತ್ತಾಗಬಹುದು. ಆದರೆ ಒಂದನ್ನು ಮರೆಯಬಾರದು. ನಮ್ಮ ಮುದುಕಿಯೊಬ್ಬಳು ‘ಚಳುಕು’ ಎಂದರೆ ಒಂದು ನೋವು, ‘ಉರಿ’ ಎಂದರೆ ಇನ್ನೊಂದು, ‘ಹಿಂಡಿದಂತಾಗುತ್ತದೆ’ ಎಂದರೆ ಮತ್ತೊಂದು, ‘ಜೋಮು ಹಿಡಿದಿದೆ’ ಎಂದರೆ ಬೇರೊಂದು. ಈ ಒಂದೊಂದು ಮಾತೂ ವೈದ್ಯನಿಗೆ ಒಂದೊಂದು ದಾರಿಯನ್ನು ತೋರಿಸುತ್ತದೆ. ಅವೆಲ್ಲವೂ ‘ನೋವು’ ಎಂಬ ಒಂದೇ ಮಾತಿಗೆ ಇಳಿದುಹೋದರೆ ಅರ್ಧ ರೋಗ ಹೇಳದೆಯೇ ಉಳಿಯುತ್ತದೆ. ಆದ್ದರಿಂದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನು ಬಿಡದೆ, ತೆಲುಗನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿತು, ದಾದಿಯರೂ ವೈದ್ಯರೂ ಔಷಧ ಕೊಡುವವರೂ ಆಗಲಿ. ಕೋಟ್ನಿಸರು ಪರದೇಶದಲ್ಲಿ ಮಾಡಿದುದನ್ನು ಅವರು ಆದೋನಿಯ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿಂತು ಮಾಡಬಲ್ಲರು.

ಕಡೆಯದಾಗಿ, ನಮ್ಮ ಊರಿನ ಕೊಂಡಿ ಯಾವುದು? ರಣರಂಗದಲ್ಲಿ ಉಳಿಸಬಹುದಾಗಿದ್ದ ಪ್ರಾಣಗಳು ಹೆಚ್ಚಾಗಿ ಹೋಗುವುದು ರಕ್ತಸ್ರಾವದಿಂದ ಎಂದು ಸೇನಾ ವೈದ್ಯರು ಕಂಡುಕೊಂಡಿದ್ದಾರೆ. ನಮ್ಮ ರಸ್ತೆಗಳಲ್ಲಿಯೂ ಹಾಗೆಯೇ. ವೈದ್ಯನು ಎಷ್ಟೇ ಸಮರ್ಥನಾಗಿದ್ದರೂ ರಕ್ತವೆಲ್ಲ ಹರಿದುಹೋದ ದೇಹಕ್ಕೆ ಏನನ್ನೂ ಮಾಡಲಾರನು. ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಬೇಕು. ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬಾರದು. ಮಣ್ಣು, ಸುಣ್ಣ, ಕಾಫಿಪುಡಿಗಳನ್ನು ಮೆತ್ತಬಾರದು. ಮುರಿದ ಕಾಲಿಗೆ ಕೋಲು ಕಟ್ಟಿ ಅಲುಗದಂತೆ ಮಾಡಬೇಕು. ಧನುರ್ವಾಯು ಬಾರದಂತೆ ಚುಚ್ಚುಮದ್ದು ಹಾಕಿಸಬೇಕು. 2005ರಿಂದ ಈ ರಾಜ್ಯದಲ್ಲಿ 108ಕ್ಕೆ ಕರೆ ಮಾಡಿದರೆ ಬರುವ ವಾಹನದ ಏರ್ಪಾಡಿದೆ. ಅಪಘಾತದಲ್ಲಿ ಬಿದ್ದವನನ್ನು ಆಸ್ಪತ್ರೆಗೆ ಸೇರಿಸಿದವನನ್ನು ಪೀಡಿಸಕೂಡದೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿದೆ. 2019ರಲ್ಲಿ ಮೋಟಾರು ವಾಹನಗಳ ಕಾಯಿದೆಗೂ ಆ ರಕ್ಷಣೆ ಸೇರಿದೆ. ಸಾಕ್ಷಿಗೆ ಕರೆದಾರೆಂಬ ಅಂಜಿಕೆಯಿಂದ ದೂರ ನಿಲ್ಲಬೇಕಾದ ಕಾಲ ಕಳೆಯಿತು. ಆರೋಗ್ಯವಂತ ತರುಣರು ರಕ್ತವನ್ನು ಕೊಡಲಿ. ಹಳ್ಳಿಯಿಂದ ಆಸ್ಪತ್ರೆಗೆ ದಾರಿ ದೂರವಿರುವ ನಮಗೆ ಈ ತಿಳಿವಳಿಕೆ ಪಟ್ಟಣದವರಿಗಿಂತ ಹೆಚ್ಚು ಅಗತ್ಯ.

ಸಂಘದವರಲ್ಲಿ ನನ್ನದೊಂದು ಅರಿಕೆ. ವರ್ಷದಲ್ಲಿ ಒಂದು ದಿನ ಪ್ರಥಮ ಚಿಕಿತ್ಸೆಯ ಶಿಕ್ಷಣವನ್ನು ಕನ್ನಡದಲ್ಲಿ ಏರ್ಪಡಿಸಿರಿ. ತಾಯಂದಿರನ್ನೂ ಮೇಲ್ತರಗತಿಯ ಮಕ್ಕಳನ್ನೂ ತಪ್ಪದೆ ಕರೆಯಿರಿ. ನಿವೃತ್ತರಾದ ಸೈನಿಕರು ಸಮೀಪದಲ್ಲಿದ್ದರೆ ಅವರಿಂದಲೇ ಕಲಿಸಿರಿ. ಅವರು ಕಣ್ಣಿನಿಂದ ಕಂಡವರು. ಹೀಗೆ ಕಲಿತ ಹತ್ತು ಜೊತೆ ಕೈಗಳು ಊರಿನಲ್ಲಿದ್ದರೆ ಒಂದು ಮನೆಯ ದೀಪ ಆರದೆ ಉಳಿದೀತು.